‘ಮೊದಲು ಕುದಿಸಿ’ ಎಂದು ಬರೆದಿದ್ದ ಚಿಕ್ಕ ಪೊಟ್ಟಣ

ಅತ್ತೆ ಲೋಟ ಕೆಳಗಿಟ್ಟು ಅರ್ಧ ಗಂಟೆ ಆಗಿರಬಹುದು. “ತುಟಿ ಯಾಕೋ ಜುಮ್ ಅಂತಿದೆ ಮಾರಾಯ್ತಿ” ಅಂದರು. ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. “ಶುಂಠಿ ಜಾಸ್ತಿ ಆಗಿರಬೇಕು ಅತ್ತೆ, ಸ್ವಲ್ಪ ನೀರು ಕುಡೀರಿ” ಅಂದುಬಿಟ್ಟೆ. ಆ ಮಾತು ನೆನಪಾದರೆ ಈಗಲೂ ಮೈ ಮುದುಡುತ್ತದೆ.

ಹತ್ತು ಹದಿನೈದು ನಿಮಿಷದಲ್ಲಿ ಬೆರಳ ತುದಿಗಳೂ ಜುಮ್ ಅನ್ನತೊಡಗಿದವು. ಕಾಲಿಗೆ ಬಲ ಇಲ್ಲ ಅಂದರು. ಎದ್ದು ನಿಲ್ಲಲು ಹೋದವರು ಸೋಫಾದ ಕೈ ಹಿಡಿದು ಹಾಗೇ ಕೂತರು. ಆಮೇಲೆ ವಾಂತಿ. ಮಣಿಕಟ್ಟು ಹಿಡಿದು ನೋಡಿದೆ. ನನಗೆ ನಾಡಿ ನೋಡಲು ಬರುವುದಿಲ್ಲ. ಆದರೂ ಎರಡು ಬಡಿತ ಬಂದು, ಒಂದು ತಪ್ಪಿ, ಮೂರು ಒಟ್ಟಿಗೆ ಓಡಿಬಂದದ್ದು ಗೊತ್ತಾಯಿತು. ಆಗ ನಾನು 999ಕ್ಕೆ ಫೋನ್ ಮಾಡಿದೆ.

ನಾವಿರುವುದು ಹಾಂಗ್‌ಕಾಂಗ್‌ನ ತುಂಗ್ ಚುಂಗ್‌ನಲ್ಲಿ. ಅತ್ತೆ ತೀರ್ಥಹಳ್ಳಿ ಕಡೆಯವರು, ವಯಸ್ಸು 67. ಚಳಿಗಾಲಕ್ಕೆ ನಮ್ಮ ಜೊತೆ ಇರಲು ಬಂದಿದ್ದರು. ಅವರು ಕುಡಿದದ್ದು ಮಂಡಿ ನೋವಿಗೆ ಅಂತ ಚೀನೀ ವೈದ್ಯರು ಕೊಟ್ಟ ಕಷಾಯ. ಬರೆದುಕೊಟ್ಟ ಔಷಧಿ ಸರಿ ಇತ್ತು, ಅಂಗಡಿಯವನು ತೂಗಿ ಕೊಟ್ಟದ್ದೂ ಸರಿ ಇತ್ತು. ತಪ್ಪಾದದ್ದು ನಮ್ಮ ಅಡುಗೆಮನೆಯಲ್ಲಿ. ಹೇಗೆ ತಪ್ಪಾಯಿತು ಅನ್ನುವುದನ್ನು ಬಿಡಿಬಿಡಿಯಾಗಿ ಬರೆದಿಡುತ್ತೇನೆ. ನಮ್ಮ ಕಡೆಯವರು ಈ ತಪ್ಪು ಮಾಡುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ನಮಗೆ ಕಷಾಯ ಕಾಸಲು ಬರುತ್ತದಲ್ಲ, ಅದಕ್ಕೇ.

ವೈದ್ಯರ ಮುಂದೆ

ಜನವರಿಯಲ್ಲಿ ಹಾಂಗ್‌ಕಾಂಗ್‌ನ ಚಳಿ ಅಂಕಿಯಲ್ಲಿ ದೊಡ್ಡದಲ್ಲ, ಹನ್ನೆರಡು ಹದಿಮೂರು ಡಿಗ್ರಿ. ಆದರೆ ಮನೆಗಳಲ್ಲಿ ಹೀಟರ್ ಇರುವುದು ಅಪರೂಪ. ಗೋಡೆಗಳೆಲ್ಲ ತಣ್ಣಗೆ, ತೇವ. ಅತ್ತೆಯ ಮಂಡಿ ಎರಡೇ ವಾರದಲ್ಲಿ ಹಟ ಹಿಡಿಯಿತು. ನನ್ನ ಆಫೀಸಿನ ಗೆಳತಿ, ಇಲ್ಲಿಯೇ ಹುಟ್ಟಿ ಬೆಳೆದವಳು, ಶಾಮ್ ಶುಯಿ ಪೋದಲ್ಲಿ ತನ್ನ ಅಮ್ಮ ಹೋಗುವ ವೈದ್ಯರ ಬಳಿ ಕರೆದುಕೊಂಡು ಹೋದಳು. ನೋಂದಣಿ ಇರುವ ವೈದ್ಯರು, ಪ್ರಮಾಣಪತ್ರ ಗೋಡೆ ಮೇಲಿತ್ತು. ಇಲ್ಲಿ 1999ರಲ್ಲಿ ಚೀನೀ ವೈದ್ಯಕ್ಕೆ ಪ್ರತ್ಯೇಕ ಕಾನೂನು ಬಂತು. ಹೆಸರು ನೋಂದಾಯಿಸದೆ ಯಾರೂ ವೈದ್ಯ ಮಾಡುವ ಹಾಗಿಲ್ಲ.

ವೈದ್ಯರು ಎರಡೂ ಕೈಯ ನಾಡಿಯನ್ನು ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನೋಡಿದರು. ನಾಲಿಗೆ ಚಾಚಿ ಅಂದರು. ಚಳಿಗೆ ಜಾಸ್ತಿಯಾಗುತ್ತಾ, ಬಿಸಿ ನೀರು ಹಾಕಿದರೆ ಹಿತವಾ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ, ಪಾದ ತಣ್ಣಗಿರುತ್ತಾ, ಹೀಗೆ ಕೇಳುತ್ತಾ ಹೋದರು. ಅತ್ತೆಗೆ ಬಹಳ ಖುಷಿ. “ನಮ್ಮ ಪಂಡಿತರ ಹಂಗೇ ಕೇಳ್ತಾರೆ ನೋಡು” ಅಂದರು. ಕೊನೆಗೆ ಬೇರೆ ಔಷಧಿ ಏನಾದರೂ ತಗೊಳ್ಳುತ್ತೀರಾ ಅನ್ನುವ ಪ್ರಶ್ನೆ ಬಂತು. ಗೆಳತಿ ಇಂಗ್ಲಿಷಿಗೆ ತಿರುಗಿಸಿದಳು, ನಾನು ಕನ್ನಡಕ್ಕೆ. ಅತ್ತೆ “ಇಲ್ಲ” ಅಂದರು.

ಅವರು ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಬಿಪಿ ಮಾತ್ರೆ ನುಂಗುತ್ತಾರೆ. ಅದು ನನಗೂ ಗೊತ್ತು. ಆ ಗಳಿಗೆಯಲ್ಲಿ ನನಗೂ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ಆಮೇಲೆ ಕೇಳಿದಾಗ ಅತ್ತೆ ಹೇಳಿದ್ದು ಹೀಗೆ: “ಅದು ಔಷಧಿನಾ? ದಿನಾ ತಗೊಳ್ಳೋದಲ್ವಾ?”

ಔಷಧಿ ಅಂಗಡಿ ಪಕ್ಕದಲ್ಲೇ ಇತ್ತು. ಗೋಡೆ ಉದ್ದಕ್ಕೂ ಸಣ್ಣ ಸಣ್ಣ ಮರದ ಸೆಳೆಖಾನೆಗಳು. ಇದಕ್ಕೆ ಅವರು ‘ನೂರು ಮಕ್ಕಳ ಕಪಾಟು’ ಅನ್ನುತ್ತಾರೆ. ಅಂಗಡಿಯವನು ಚೀಟಿ ನೋಡಿ ಒಂದೊಂದೇ ಸೆಳೆದು, ಕೈಯಲ್ಲಿ ಹಿಡಿಯುವ ಪುಟ್ಟ ತಕ್ಕಡಿಯಲ್ಲಿ ತೂಗಿ, ಮೇಜಿನ ಮೇಲೆ ಹರಡಿದ ಐದು ಕಾಗದಗಳಿಗೆ ಹಂಚುತ್ತಾ ಹೋದ. ಐದು ದಿನಕ್ಕೆ ಐದು ಪೊಟ್ಟಣ. ತೂಕ ಗ್ರಾಮಿನಲ್ಲಿರಲಿಲ್ಲ, ‘ಚಿನ್’ ಲೆಕ್ಕದಲ್ಲಿತ್ತು. ಹಾಂಗ್‌ಕಾಂಗ್‌ನ ಒಂದು ಚಿನ್ ಅಂದರೆ ಸುಮಾರು 3.8 ಗ್ರಾಂ.

ಅತ್ತೆ ಕಾಗದದ ಮೇಲೆ ಬಗ್ಗಿ ನೋಡುತ್ತಿದ್ದರು. ಒಂದು ಹಳದಿ ಚೂರು ಎತ್ತಿ ಬಾಯಿಗೆ ಹಾಕಿಕೊಂಡು “ಅತಿಮಧುರ” ಅಂದರು. ಸರಿ, ಅದು ಅತಿಮಧುರವೇ. ಒಂದು ಕಡ್ಡಿ ಮುರಿದು ಮೂಸಿ “ಚಕ್ಕೆ ವಾಸನೆ” ಅಂದರು. ಅದೂ ಸರಿ, ಚಕ್ಕೆಯ ಜಾತಿಯ ಮರದ ಎಳೆ ರೆಂಬೆ. ಶುಂಠಿಯಂತೂ ಹೇಳುವುದೇ ಬೇಡ. ಇನ್ನೊಂದು ಬಿಳಿಚಿದ ಬೇರು ಮಾತ್ರ ಗೊತ್ತಾಗಲಿಲ್ಲ. ಮತ್ತೆ ಒಣಗಿದ ಉಪ್ಪಾಗೆ ಸಿಪ್ಪೆಯ ಹಾಗೆ ಕಪ್ಪಾದ, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕವಾಗಿ ಕಾಣುವ ತೆಳು ಬಿಲ್ಲೆಗಳು ಇದ್ದವು. ಅವನ್ನು ಅಂಗಡಿಯವನು ಉಳಿದವುಗಳ ಜೊತೆ ಸೇರಿಸಲಿಲ್ಲ. ಮೂರು ಚಿನ್ ತೂಗಿ, ಬೇರೆ ಚಿಕ್ಕ ಪೊಟ್ಟಣ ಕಟ್ಟಿ, ಅದನ್ನು ದೊಡ್ಡ ಪೊಟ್ಟಣದೊಳಗೆ ಇಟ್ಟ. ಚಿಕ್ಕ ಪೊಟ್ಟಣದ ಮೇಲೆ ಎರಡು ಅಕ್ಷರ ಅಚ್ಚಾಗಿತ್ತು. ಅದರ ಸುತ್ತ ಕೆಂಪು ಪೆನ್ನಿನಲ್ಲಿ ವೃತ್ತ ಎಳೆದು, ನನ್ನ ಮುಖ ನೋಡುತ್ತಾ ಒಂದು ಬೆರಳು ಎತ್ತಿ ತೋರಿಸಿದ.

ಗೆಳತಿ ಆಗ ಫೋನ್ ಬಂತು ಅಂತ ಹೊರಗೆ ಹೋಗಿದ್ದಳು. ದಿನಕ್ಕೆ ಒಂದು ಪೊಟ್ಟಣ ಅಂತಿರಬೇಕು ಅಂದುಕೊಂಡು ನಾನು ತಲೆಯಾಡಿಸಿದೆ.

ಆ ಎರಡು ಅಕ್ಷರಕ್ಕೆ ‘ಸಿನ್ ಜಿನ್’ ಅನ್ನುತ್ತಾರೆ. ಮೊದಲು ಕುದಿಸಿ ಅಂತ ಅರ್ಥ. ಬೆರಳು ಒಂದು ಗಂಟೆಗೆ.

ಶನಿವಾರ ಬೆಳಗ್ಗೆ

ಶುಕ್ರವಾರ ಸುತ್ತಾಟದಲ್ಲಿ ಕಷಾಯ ಮರೆತೇ ಹೋಯಿತು. ಶನಿವಾರ ಅತ್ತೆ ಅಡುಗೆಮನೆಗೆ ಹೋದರು. ನಾನು “ಗೆಳತಿಗೆ ಒಂದು ಮಾತು ಕೇಳ್ತೀನಿ ತಡೀರಿ” ಅಂದೆ. “ಅಲ್ಲ ಮಾರಾಯ್ತಿ, ಕಷಾಯ ಕಾಸೋದು ನಂಗೆ ಹೇಳ್ಕೊಡ್ಬೇಕಾ?” ಅಂದರು. ಹೇಳಿಕೊಡಬೇಕಿರಲಿಲ್ಲ, ನಿಜ. ನಲವತ್ತು ವರ್ಷದಿಂದ ಅವರ ಮನೆಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು ಹುರಿದು ಪುಡಿ ಮಾಡುವುದು ಅವರೇ. ದಿನಾ ಸಂಜೆ ಹಾಲು ಬೆಲ್ಲ ಹಾಕಿದ ಕಷಾಯ.

ಹಾಗೇ ಮಾಡಿದರು. ಸ್ಟೀಲ್ ಪಾತ್ರೆ, ನಾಲ್ಕು ಲೋಟ ನೀರು. ಶುಕ್ರವಾರದ ಪೊಟ್ಟಣ ಯಾಕೆ ದಂಡ ಅಂತ ಎರಡೂ ದಿನದ್ದು ಒಟ್ಟಿಗೆ. ಚಿಕ್ಕ ಪೊಟ್ಟಣಗಳನ್ನೂ ಬಿಚ್ಚಿ ಸುರಿದರು. ಕಾಲು ಗಂಟೆ ಚೆನ್ನಾಗಿ ಮರಳಿಸಿ, ಸೋಸಿ, ಬೆಲ್ಲ ಹಾಕಿ, ಹಾಲು ಬೆರೆಸಿದರು. ಹಾಲು ಸ್ವಲ್ಪ ಒಡೆಯಿತು. ದೊಡ್ಡ ಲೋಟದ ತುಂಬ ಕುಡಿದು, “ಕಹಿಯೇನಿಲ್ಲ, ನಾಲಿಗೆ ಸ್ವಲ್ಪ ಚುರುಚುರು” ಅಂದರು.

ಆ ಚುರುಚುರು ಅನ್ನುವುದೇ ಮೊದಲ ಸೂಚನೆ. ನಮಗೆ ಗೊತ್ತಿರಲಿಲ್ಲ.

ಆಂಬುಲೆನ್ಸ್‌ನಲ್ಲಿ ಬಂದ ಹುಡುಗ ಬಿಪಿ ನೋಡಿದ, 86ಕ್ಕೆ 50. ಏನು ತಿಂದರು ಅಂತ ಕೇಳಿದ. ನಾನು ಒಲೆ ಕಡೆ ಕೈ ತೋರಿಸಿದೆ. ಪಾತ್ರೆಯಲ್ಲಿ ಉಳಿದದ್ದನ್ನೂ, ಚರಟವನ್ನೂ, ಬಿಚ್ಚದ ಪೊಟ್ಟಣಗಳನ್ನೂ, ವೈದ್ಯರ ಚೀಟಿಯನ್ನೂ ಒಂದು ಚೀಲಕ್ಕೆ ಹಾಕಿಸಿದ. ಇಡೀ ದಿನದಲ್ಲಿ ನಾವು ಮಾಡಿದ ಒಂದೇ ಒಳ್ಳೆ ಕೆಲಸ ಅದು, ಅದೂ ಅವನು ಹೇಳಿ ಮಾಡಿಸಿದ್ದು. ತುರ್ತು ವಿಭಾಗದ ಡಾಕ್ಟರಿಗೆ ತುಟಿ ಜುಮ್, ಬೆರಳು ಜುಮ್, ವಾಂತಿ, ಎದೆ ಬಡಿತ ತಪ್ಪಿದೆ ಅಂದೆ. ನಾನು ಮುಗಿಸುವ ಮೊದಲೇ ಚೀನೀ ಔಷಧಿಯಾ ಅಂತ ಕೇಳಿದರು. ಚೀಟಿ ನೋಡಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ‘ಫೂಜಿ’.

ಇದಕ್ಕೆ ಪ್ರತಿವಿಷ ಅಂತ ಒಂದಿಲ್ಲ. ಎದೆಗೆ ತಂತಿ ಹಚ್ಚಿ, ಸಲೈನ್ ಹಾಕಿ, ಹೃದಯದ ಲಯ ಸರಿಪಡಿಸಲು ಅಮಿಯೊಡರೋನ್ ಅನ್ನುವ ಔಷಧಿಯನ್ನು ನಿಧಾನಕ್ಕೆ ರಕ್ತಕ್ಕೆ ಬಿಟ್ಟರು. ಆಮೇಲೆ ಕಾಯುವುದು. ತೀರಾ ಕೈಮೀರಿದವರಿಗೆ ವಿಷ ಇಳಿಯುವ ತನಕ ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸುವುದೂ ಉಂಟಂತೆ. ಅತ್ತೆಗೆ ಅಲ್ಲಿಯವರೆಗೆ ಹೋಗಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಬಡಿತ ನೆಟ್ಟಗಾಯಿತು. ಮರುದಿನ ಬೆಳಗ್ಗೆ ಇಡ್ಲಿ ಸಿಗುತ್ತಾ ಅಂತ ಕೇಳಿದರು. ಮೂರನೇ ದಿನ ಮನೆಗೆ ಬಂದೆವು.

ಆ ಕಪ್ಪು ಬಿಲ್ಲೆ

ಫೂಜಿ ಅಂದರೆ ಅಕೋನೈಟ್ ಗಿಡದ ಬೇರುಗಡ್ಡೆ. ತಾಯಿ ಗಡ್ಡೆಯ ಪಕ್ಕಕ್ಕೆ ಅಂಟಿಕೊಂಡು ಮರಿ ಗಡ್ಡೆಗಳು ಬೆಳೆಯುತ್ತವೆ. ಫೂಜಿ ಅನ್ನುವ ಹೆಸರಿಗೂ ‘ಅಂಟಿಕೊಂಡ ಮಗು’ ಅಂತಲೇ ಅರ್ಥ. ತಾಯಿ ಗಡ್ಡೆಗೆ ಹೆಸರು ಬೇರೆ, ಬಳಕೆಯೂ ಬೇರೆ. ಸಿಚುವಾನ್ ಪ್ರಾಂತ್ಯದ ಜಿಯಾಂಗ್‌ಯೂ ಇದರ ತವರು. ನಮ್ಮಲ್ಲಿ ಇದೇ ಕುಲದ ಹಿಮಾಲಯದ ಗಿಡವನ್ನು ವತ್ಸನಾಭಿ ಅನ್ನುತ್ತಾರೆ. ಬಾಣದ ತುದಿಗೆ ಸವರುತ್ತಿದ್ದ ವಿಷ ಅದು.

ಇದರೊಳಗಿನ ಅಕೋನಿಟಿನ್ ನರ ಮತ್ತು ಹೃದಯದ ಜೀವಕೋಶಗಳಲ್ಲಿರುವ ಸೋಡಿಯಂ ಬಾಗಿಲುಗಳನ್ನು ತೆರೆದು, ಮುಚ್ಚಲು ಬಿಡುವುದಿಲ್ಲ. ಬಾಗಿಲು ತೆರೆದೇ ಇದ್ದರೆ ನರ ಸುಮ್ನೆ ಕೂಗುತ್ತಲೇ ಇರುತ್ತದೆ. ಅದೇ ಜುಮ್ ಅನ್ನುವುದು. ಹೃದಯಕ್ಕೆ ಬಡಿತಗಳ ನಡುವಿನ ಬಿಡುವು ಸಿಗುವುದಿಲ್ಲ. ಲಯ ತಪ್ಪುವುದು ಹೀಗೆ.

ಇದನ್ನು ಇಷ್ಟು ಕಾಲದಿಂದ ಔಷಧಿ ಮಾಡಿಕೊಂಡು ಬಂದದ್ದು ಹೇಗೆ ಅಂದರೆ, ನೀರು ಮತ್ತು ಕಾವಿನಿಂದ. ಅಕೋನಿಟಿನ್ ಕುದಿಯುವ ನೀರಿನಲ್ಲಿ ನಿಧಾನಕ್ಕೆ ಒಡೆಯುತ್ತದೆ. ಎರಡು ಹಂತದಲ್ಲಿ ಒಡೆದು, ಒಂದೊಂದು ಹಂತಕ್ಕೂ ವಿಷ ಹಲವು ಪಟ್ಟು ಇಳಿಯುತ್ತದೆ. ನೋವು ತಗ್ಗಿಸುವ ಗುಣ ಸ್ವಲ್ಪ ಉಳಿಯುತ್ತದೆ ಅನ್ನುವುದು ಅವರ ನಂಬಿಕೆ. ಆದರೆ ‘ನಿಧಾನಕ್ಕೆ’ ಅನ್ನುವ ಮಾತನ್ನು ಮರೆಯುವ ಹಾಗಿಲ್ಲ. ಗಡ್ಡೆಯನ್ನು ಮೊದಲು ಕಾರ್ಖಾನೆಯಲ್ಲಿ ಉಪ್ಪಿನಂಶದ ನೀರಿನಲ್ಲಿ ನೆನೆಸಿ, ಬೇಯಿಸಿ, ತೊಳೆದು, ಹೋಳು ಮಾಡಿ ಒಣಗಿಸುತ್ತಾರೆ. ಅಲ್ಲಿಗೆ ಬಹಳಷ್ಟು ವಿಷ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನು ಮನೆಯಲ್ಲಿ ಇಳಿಸಬೇಕು. ಒಂದು ಗಂಟೆ, ಪ್ರಮಾಣ ಜಾಸ್ತಿ ಇದ್ದರೆ ಎರಡು ಗಂಟೆ, ಬೇರೆ ಏನನ್ನೂ ಹಾಕದೆ ಅದೊಂದನ್ನೇ ಕುದಿಸಬೇಕು. ಆಮೇಲೆ ಉಳಿದ ಸಾಮಾನು. ಚೀನಾದ ಅಧಿಕೃತ ಔಷಧಿ ಕೋಶ ಫೂಜಿಗೆ ದಿನಕ್ಕೆ 3ರಿಂದ 15 ಗ್ರಾಂ ಅಂತ ಮಿತಿ ಹಾಕಿದೆ. ಅದೂ ಸಂಸ್ಕರಿಸಿದ ಫೂಜಿಗೆ, ಅದೂ ಮೊದಲೇ ದೀರ್ಘವಾಗಿ ಕುದಿಸಿದ್ದಕ್ಕೆ. ನಮ್ಮ ಚೀಟಿಯಲ್ಲಿದ್ದದ್ದು ದಿನಕ್ಕೆ ಸುಮಾರು 11 ಗ್ರಾಂ, ಮಿತಿಯೊಳಗೇ ಇತ್ತು. ಅತ್ತೆ ಹಾಕಿದ್ದು 22 ಗ್ರಾಂ, ಕುದಿಸಿದ್ದು ಕಾಲು ಗಂಟೆ. ಸಂಸ್ಕರಿಸದ ಹಸಿ ಫೂಜಿ ಆಗಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಹಸಿ ಅಕೋನೈಟ್ ಸೇರಿ 31 ವಿಷದ ಮೂಲಿಕೆಗಳನ್ನು ಕಾನೂನಿನ ಬೇರೆ ಪಟ್ಟಿಗೆ ಹಾಕಿದ್ದಾರೆ. ಚೀಟಿ ಇಲ್ಲದೆ ಅವು ಕೈಗೆ ಸಿಗುವುದಿಲ್ಲ.

ಯುನ್ನಾನ್ ಕಡೆ ಚಳಿಗಾಲದಲ್ಲಿ ಈ ಗಡ್ಡೆಯನ್ನು ಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿ ತಿನ್ನುವ ರೂಢಿ ಇದೆ. ಅಲ್ಲೂ ಆಗಾಗ ಮನೆಮಂದಿಯೆಲ್ಲ ಆಸ್ಪತ್ರೆ ಸೇರುತ್ತಾರೆ. ಅಂದರೆ ಹುಟ್ಟಿನಿಂದ ನೋಡಿದವರಿಗೂ ಕೈ ತಪ್ಪುತ್ತದೆ.

ಈಗ ನಮ್ಮ ವತ್ಸನಾಭಿಯ ಮಾತು. ಆಯುರ್ವೇದದಲ್ಲೂ ಅದನ್ನು ಹಾಗೇ ಬಳಸುವುದಿಲ್ಲ. ಗೋಮೂತ್ರದಲ್ಲೋ ಹಾಲಿನಲ್ಲೋ ಹಾಕಿ ಶೋಧನೆ ಮಾಡುತ್ತಾರೆ. ತ್ರಿಭುವನಕೀರ್ತಿ ರಸದಂಥ ಮಾತ್ರೆಗಳಲ್ಲಿ ಅದಿರುತ್ತದೆ. ಇದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕೂತ ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಥದ್ದನ್ನ ನಮ್ಮ ಪಂಡಿತರು ಮನೆಗೆ ಕೊಡ್ತಿರ್ಲಿಲ್ಲ. ಅವರೇ ಮಾತ್ರೆ ಕಟ್ಟಿ ಕೊಡ್ತಿದ್ರು. ಮನೆಗೆ ಕೊಡೋದು ಅಮೃತಬಳ್ಳಿ, ಶುಂಠಿ, ಇಂಥದ್ದೇ” ಅಂದರು.

ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಗಂಟು ಬಿಡಿಸಿದ್ದು ಆ ಮಾತು. ನಾವು ಬೆಳೆದ ಪದ್ಧತಿಯಲ್ಲಿ ಅಪಾಯದ ಕೆಲಸ ಪಂಡಿತರ ಮನೆಯಲ್ಲೇ ಮುಗಿದಿರುತ್ತದೆ. ನಮ್ಮ ಮನೆಗೆ ಬರುವ ಕಷಾಯದ ಸಾಮಾನು ಹೆಚ್ಚು ಕುದಿದರೂ ಕಡಿಮೆ ಕುದಿದರೂ ಕೆಟ್ಟದ್ದೇನೂ ಆಗುವುದಿಲ್ಲ, ರುಚಿ ಕೆಡಬಹುದು ಅಷ್ಟೇ. ಚೀನೀ ಪದ್ಧತಿಯಲ್ಲಿ ಔಷಧಿ ತಯಾರಿಯ ಕೊನೆಯ ಹಂತವನ್ನು ರೋಗಿಯ ಮನೆಗೇ ಬಿಡುತ್ತಾರೆ. ಪೊಟ್ಟಣದಲ್ಲಿ ಬರುವುದು ಇನ್ನೂ ಔಷಧಿಯಲ್ಲ, ಔಷಧಿಯ ಸಾಮಾನು. ನಾವು ಅದನ್ನು ತಯಾರಾದ ಔಷಧಿ ಅಂದುಕೊಂಡೆವು. ಅತಿಮಧುರ, ಚಕ್ಕೆ, ಶುಂಠಿ ಗುರುತು ಸಿಕ್ಕಿದ್ದು ಇನ್ನೂ ಕೆಟ್ಟದ್ದಾಯಿತು. ಅರ್ಧ ಪರಿಚಯ ಇತ್ತಲ್ಲ, ಉಳಿದರ್ಧದ ಬಗ್ಗೆ ಕೇಳಬೇಕು ಅನ್ನಿಸಲೇ ಇಲ್ಲ.

ಮತ್ತೆ ಅದೇ ವೈದ್ಯರಲ್ಲಿಗೆ

ಎರಡು ವಾರ ಬಿಟ್ಟು ನಾವು ವಾಪಸ್ ಹೋದೆವು. ನನ್ನ ಗಂಡನಿಗೆ ಇದು ಇಷ್ಟ ಇರಲಿಲ್ಲ. “ಸಾಕಾಗ್ಲಿಲ್ವಾ ನಿಮ್ಗೆ?” ಅಂದರು. ಅತ್ತೆಯೇ ಹಟ ಮಾಡಿದರು. ತಪ್ಪು ತನ್ನದು, ವೈದ್ಯರದ್ದಲ್ಲ, ಹೋಗಿ ಹೇಳಬೇಕು ಅಂತ. ಆಸ್ಪತ್ರೆಯ ಡಾಕ್ಟರನ್ನು ಕೇಳಿದೆವು. ಹೋಗುವುದಾದರೆ ಡಿಸ್ಚಾರ್ಜ್ ಚೀಟಿಯನ್ನೂ ಎಲ್ಲಾ ಮಾತ್ರೆಗಳನ್ನೂ ತಗೊಂಡು ಹೋಗಿ ತೋರಿಸಿ ಅಂದರು.

ವೈದ್ಯರ ಮುಖ ಬಿಳಿಚಿತು. ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಬಿಪಿ ಮಾತ್ರೆಯ ಹಾಳೆ ಎತ್ತಿ ನೋಡಿ ಕೇಳಿದ್ದು ಫೂಜಿಯ ಬಗ್ಗೆ ಅಲ್ಲ, ಅತಿಮಧುರದ ಬಗ್ಗೆ. ಅತಿಮಧುರ ದಿನಗಟ್ಟಲೆ ಹೊಟ್ಟೆಗೆ ಹೋದರೆ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತದೆ, ಪೊಟ್ಯಾಷಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಇದು ಆಧುನಿಕ ವೈದ್ಯಕ್ಕೂ ಚೆನ್ನಾಗಿ ಗೊತ್ತಿರುವ ಸಂಗತಿ. ಪೊಟ್ಯಾಷಿಯಂ ಇಳಿದ ಹೃದಯಕ್ಕೆ ಲಯ ತಪ್ಪುವುದು ಇನ್ನೂ ಸುಲಭ. ಬಿಪಿ ಇದೆ ಅಂತ ಹೇಳಿದ್ದರೆ ಆ ಚೀಟಿಯೇ ಬೇರೆ ಇರುತ್ತಿತ್ತು ಅಂದರು. ನಾಡಿ ನೋಡಿದವರಿಗೆ ಗೊತ್ತಾಗಬೇಕಿತ್ತಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಬೆಳಗ್ಗೆ ನುಂಗಿದ ಮಾತ್ರೆಯ ಹೆಸರನ್ನು ಯಾವ ನಾಡಿಯೂ ಹೇಳುವುದಿಲ್ಲ.

ಫೂಜಿ ತೆಗೆದರು, ಅತಿಮಧುರ ತೆಗೆದರು. ಹೊಸ ಚೀಟಿ ಬರೆದರು. ಈ ಸಲ ಗೆಳತಿಯನ್ನು ಅಲ್ಲಾಡಲು ಬಿಡಲಿಲ್ಲ. ಅಂಗಡಿಯವನ ಹೆಂಡತಿ ಒಂದು ಮಣ್ಣಿನ ಕುಡಿಕೆ ತಂದಿಟ್ಟು ಎಲ್ಲವನ್ನೂ ತೋರಿಸಿಕೊಟ್ಟರು. ಗೆಳತಿ ಒಂದೊಂದೇ ಮಾತು ಹೇಳುತ್ತಾ ಹೋದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಆ ಕಾಗದ ಈಗಲೂ ಫ್ರಿಜ್ ಬಾಗಿಲ ಮೇಲಿದೆ.

ಕುಡಿಕೆ ಮಣ್ಣಿನದೇ ಒಳ್ಳೆಯದು. ಇಲ್ಲದಿದ್ದರೆ ಗಾಜು, ಎನಾಮಲ್, ಸ್ಟೀಲ್ ಆದೀತು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬೇಡ. ಸಾಮಾನನ್ನು ಅಕ್ಕಿ ತೊಳೆದ ಹಾಗೆ ತಿಕ್ಕಿ ತೊಳೆಯಬಾರದು. ಧೂಳು ಕಂಡರೆ ಒಮ್ಮೆ ನೀರು ಹಾಯಿಸಿದರೆ ಸಾಕು. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಬೇಕು. ಅತ್ತೆ ನೇರ ಬಿಸಿನೀರಿಗೆ ಹಾಕಿದ್ದರು. ಒಣಗಿದ ಬೇರು ಬಿಸಿನೀರಿಗೆ ಬಿದ್ದರೆ ಹೊರಗೆ ಬಿಗಿದುಕೊಂಡು ಒಳಗಿನ ಸಾರ ಬಿಡುವುದಿಲ್ಲ ಅಂತ ಆಕೆ ಹೇಳಿದರು. ನೀರು ಸಾಮಾನಿನ ಮೇಲೆ ಎರಡು ಬೆರಳು ನಿಲ್ಲಬೇಕು. ದೊಡ್ಡ ಉರಿಯಲ್ಲಿ ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಹಾಕಿ, ಇಪ್ಪತ್ತರಿಂದ ಮೂವತ್ತು ನಿಮಿಷ. ಹಾಂಗ್‌ಕಾಂಗ್‌ನ ಅಜ್ಜಿಯರ ಲೆಕ್ಕ ಇನ್ನೂ ಸಲೀಸು: ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಬೇಕು. ಅತ್ತೆಗೆ ಇದು ತಟ್ಟನೆ ಹಿಡಿಸಿತು. ನಮ್ಮಲ್ಲೂ ನಾಲ್ಕರಲ್ಲಿ ಒಂದು, ಎಂಟರಲ್ಲಿ ಒಂದು ಅಂತ ಇಳಿಸುವುದಿದೆಯಲ್ಲ. ಸೋಸಿಟ್ಟು, ಅದೇ ಚರಟಕ್ಕೆ ಮತ್ತೆ ಸ್ವಲ್ಪ ಕಡಿಮೆ ನೀರು ಹಾಕಿ ಎರಡನೇ ಸಲ ಕುದಿಸಬೇಕು. ಎರಡೂ ಕಷಾಯ ಬೆರೆಸಿ, ಎರಡು ಪಾಲು ಮಾಡಿ, ಬೆಳಗ್ಗೆ ಒಂದು, ಸಂಜೆ ಒಂದು. ಬೆರೆಸುವುದು ಯಾಕೆಂದರೆ ಮೊದಲನೆಯದು ಗಟ್ಟಿ, ಎರಡನೆಯದು ತೆಳು. ಬೆರೆಸಿದರೆ ಎರಡು ಹೊತ್ತಿಗೂ ಒಂದೇ ಹದ.

ತಳ ಹಿಡಿದರೆ? ಎಸೆಯಿರಿ, ನೀರು ಸೇರಿಸಿ ಸರಿಮಾಡಬೇಡಿ ಅಂದರು. ಮರೆತರೆ? ಮರೆತದ್ದು ಮರೆತದ್ದೇ, ಮರುದಿನ ಎರಡು ಪಾಲು ಕುಡಿಯುವ ಹಾಗಿಲ್ಲ. ಇದನ್ನು ಹೇಳುವಾಗ ಆಕೆ ಅತ್ತೆಯನ್ನೇ ನೋಡಿದರು. ಅತ್ತೆ ತಲೆ ತಗ್ಗಿಸಿದರು. ಹಾಲು? ಬೇಡ. ಬೆಲ್ಲ? ಅದೂ ಬೇಡ. ಕಹಿ ತಡೆಯದಿದ್ದರೆ ಕುಡಿದ ಮೇಲೆ ಒಂದು ಸಿಹಿ ಒಣಹಣ್ಣು ಬಾಯಿಗೆ ಹಾಕಿಕೊಳ್ಳಿ ಅಂತ ನಾಲ್ಕು ಹಣ್ಣು ಕಟ್ಟಿಕೊಟ್ಟರು. ಗಟ್ಟಿ ಚಹಾ ಅದರ ಜೊತೆಗೆ ಬೇಡ. ಹೊಟ್ಟೆಗೆ ಒಗ್ಗದಿದ್ದರೆ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ, ಉಗುರುಬೆಚ್ಚಗೆ. ಬಿಪಿ ಮಾತ್ರೆಗೂ ಕಷಾಯಕ್ಕೂ ನಡುವೆ ಕನಿಷ್ಠ ಒಂದೆರಡು ಗಂಟೆ ಇರಲಿ ಅಂದರು. ಆದರೆ ಅಂತರ ಇಟ್ಟ ಮಾತ್ರಕ್ಕೆ ಎಲ್ಲ ಸರಿ ಅಂದುಕೊಳ್ಳುವ ಹಾಗಿಲ್ಲ. ರಕ್ತ ತೆಳುಮಾಡುವ ವಾರ್ಫರಿನ್ ತಗೊಳ್ಳುವವರು ಡಾನ್‌ಶೆನ್ ಅನ್ನುವ ಬೇರಿನ ಕಷಾಯ ಕುಡಿದು ರಕ್ತಸ್ರಾವ ಆದದ್ದಿದೆ. ಅಲ್ಲಿ ಗಂಟೆಗಳ ಅಂತರ ಏನೂ ಕಾಪಾಡುವುದಿಲ್ಲ.

ಕುದಿಸುವ ಹೊತ್ತು ಎಲ್ಲಕ್ಕೂ ಒಂದೇ ಅಲ್ಲ ಅನ್ನುವುದು ನನಗೆ ಆವತ್ತೇ ಗೊತ್ತಾದದ್ದು. ಚಿಪ್ಪು, ಕಲ್ಲು, ವಿಷದ ಗಡ್ಡೆ ಮೊದಲು ಬೀಳಬೇಕು. ಪುದೀನದ ಹಾಗೆ ಪರಿಮಳದ ಎಲೆ ಕೊನೆಯ ಐದು ನಿಮಿಷಕ್ಕೆ, ಇಲ್ಲದಿದ್ದರೆ ಸಾರವೆಲ್ಲ ಹಬೆಯಲ್ಲಿ ಹೋಗುತ್ತದೆ. ಲೋಳೆ ಬಿಡುವ ಸಣ್ಣ ಬೀಜ, ನವಿರು ಇರುವ ಹೂವು ಬಟ್ಟೆಯಲ್ಲಿ ಕಟ್ಟಿ ಹಾಕಬೇಕು. ಜಿನ್‌ಸೆಂಗ್ ದುಬಾರಿ, ಅದನ್ನು ಬೇರೆಯೇ ಬೇಯಿಸಿ ಕೊನೆಗೆ ಬೆರೆಸುತ್ತಾರೆ. ಶೀತ ಜ್ವರದ ಕಷಾಯ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಪುಷ್ಟಿಗೆ ಕೊಡುವುದು ಒಂದು ಗಂಟೆ ಬೇಯುತ್ತದೆ.

ಇದರ ಇನ್ನೊಂದು ತುದಿಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಮಲೇರಿಯಾಕ್ಕೆ ಔಷಧಿ ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತೂ ಯೂಯೂ ಅವರಿಗೆ ಚಿಂಗ್‌ಹಾವ್ ಅನ್ನುವ ಗಿಡದಿಂದ ನಂಬುವಂಥ ಫಲ ಸಿಗುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹೋಂಗ್ ಎಂಬ ವೈದ್ಯ ಬರೆದಿಟ್ಟ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ ರಸ ಕುಡಿಯಿರಿ ಅಂತ ಅದರಲ್ಲಿತ್ತು. ಕುದಿಸಿ ಅಂತ ಇರಲಿಲ್ಲ. ಕಾವೇ ಔಷಧಿಯನ್ನು ಕೆಡಿಸುತ್ತಿರಬಹುದು ಅಂತ ಹೊಳೆದು, ಕಡಿಮೆ ಉಷ್ಣದಲ್ಲಿ ಸಾರ ತೆಗೆದರು. 1971ರಲ್ಲಿ ಅದು ಕೆಲಸ ಮಾಡಿತು. 2015ರಲ್ಲಿ ನೊಬೆಲ್ ಬಂತು. ಒಂದು ಗಿಡಕ್ಕೆ ಬೆಂಕಿಯೇ ಬೇಡ, ಇನ್ನೊಂದಕ್ಕೆ ಗಂಟೆಗಟ್ಟಲೆ ಬೆಂಕಿ ಬೇಕು. ಎರಡೂ ಅದೇ ನೂರು ಮಕ್ಕಳ ಕಪಾಟಿನ ಅಕ್ಕಪಕ್ಕದ ಸೆಳೆಖಾನೆಯಲ್ಲಿ ಕೂತಿರುತ್ತವೆ.

ಆಮೇಲೆ

ಅತ್ತೆ ಹೊಸ ಕಷಾಯವನ್ನು ಮೂರು ವಾರ ಕುಡಿದರು. ಒಲೆ ಮುಂದೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡು, ಸ್ಟೂಲ್ ಎಳೆದು ಕೂತು ಕಾಸುತ್ತಿದ್ದರು. ಮಂಡಿ ನೋವು ಕಡಿಮೆಯಾಯಿತು. ಕಷಾಯದಿಂದಲೇ ಅಂತ ನಾನು ಹೇಳಲಾರೆ. ಫೆಬ್ರವರಿ ಕೊನೆಗೆ ಚಳಿ ಇಳಿದಿತ್ತು, ಫಿಸಿಯೋಥೆರಪಿಯ ವ್ಯಾಯಾಮವೂ ಶುರುವಾಗಿತ್ತು. ಅತ್ತೆಗೆ ಮಾತ್ರ ಅನುಮಾನವೇ ಇಲ್ಲ, ಕಷಾಯದಿಂದಲೇ.

ಚರಟ ಎಸೆಯುವ ಬಗ್ಗೆಯೂ ಒಂದು ವಿಷಯ ಗೊತ್ತಾಯಿತು. ಹಿಂದೆ ಚೀನಾದ ಊರುಗಳಲ್ಲಿ ಕಷಾಯದ ಚರಟವನ್ನು ದಾರಿಗೆ ಸುರಿಯುತ್ತಿದ್ದರಂತೆ, ನಡೆದುಹೋಗುವವರ ಕಾಲಿಗೆ ಅಂಟಿ ರೋಗ ಹೋಗಲಿ ಅಂತ. ಅತ್ತೆ ಕೇಳಿ ನಕ್ಕರು. “ನಾವು ದೃಷ್ಟಿ ತೆಗೆದು ಮೂರು ದಾರಿ ಕೂಡೋ ಕಡೆ ಹಾಕಲ್ವಾ, ಹಂಗೇ.” ತುಂಗ್ ಚುಂಗ್‌ನ ನಲವತ್ತೆಂಟು ಮಹಡಿಯ ಕಟ್ಟಡದಲ್ಲಿ ದಾರಿಗೆ ಸುರಿಯುವುದು ಹೇಗೆ? ಕಸದ ಚೀಲಕ್ಕೇ ಹಾಕಿದೆವು.

ಇಲ್ಲಿರುವ ನಮ್ಮವರು ಯಾರಾದರೂ ಕೇಳಿದರೆ ಈಗ ನಾನು ಹೇಳುವುದು ಇಷ್ಟು. ಭಾಷೆ ಬರದಿದ್ದರೆ ಸಾಮಾನು ತಂದು ಕಾಸಲು ಹೋಗಬೇಡಿ. ಎಷ್ಟೋ ಅಂಗಡಿಗಳು ತಾವೇ ಕಾಸಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮುಚ್ಚಿ ಕೊಡುತ್ತವೆ. ಬಿಸಿನೀರಿಗೆ ಬೆರೆಸುವ ಪುಡಿಯೂ ಸಿಗುತ್ತದೆ. ಹಾಗೂ ಮನೆಯಲ್ಲೇ ಕಾಸುವುದಾದರೆ, ಪೊಟ್ಟಣದೊಳಗೆ ಇನ್ನೊಂದು ಪೊಟ್ಟಣ ಕಂಡ ಕೂಡಲೇ ನಿಲ್ಲಿಸಿ. ಫೋನ್‌ನಲ್ಲಿ ಫೋಟೋ ತೆಗೆದು, ಓದಲು ಬರುವವರಿಗೆ ಕಳಿಸಿ, ಉತ್ತರ ಬಂದ ಮೇಲೆ ಒಲೆ ಹಚ್ಚಿ. ಫೂಜಿ ಬೆಂದಿದೆಯೋ ಇಲ್ಲವೋ ಅಂತ ಒಂದು ಚೂರು ನಾಲಿಗೆಗೆ ಇಟ್ಟು, ಜುಮ್ ಅನ್ನದಿದ್ದರೆ ಸರಿ ಅಂತ ನೋಡುವ ಹಳೇ ಕ್ರಮ ಒಂದಿದೆ. ಅದು ಗೊತ್ತಿದ್ದವರ ಕೆಲಸ, ನಮ್ಮದಲ್ಲ. ಕುಡಿದ ಮೇಲೆ ತುಟಿ ನಾಲಿಗೆ ಜುಮ್ ಅಂದರೆ ಶುಂಠಿ ಅಂತ ಸುಮ್ಮನೆ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಮಾರ್ಚ್‌ನಲ್ಲಿ ಅತ್ತೆ ಊರಿಗೆ ಹೋದರು. ಮಣ್ಣಿನ ಕುಡಿಕೆಯನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟುಕೊಂಡರು. ಮೊನ್ನೆ ಫೋನ್ ಮಾಡಿದ್ದರು. ತೀರ್ಥಹಳ್ಳಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಂತ ಅವರು ಕೇಳಿದರಂತೆ. ಅತ್ತೆ ಚೀಲ ಬಿಚ್ಚಿ ಬಿಪಿ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಮಂಡಿಗೆ ಹಚ್ಚುವ ಎಣ್ಣೆ, ತ್ರಿಫಲಾ ಡಬ್ಬಿ, ಕೊನೆಗೆ ಮನೆಯ ಕಷಾಯದ ಪುಡಿಯ ಸಣ್ಣ ಬಾಟಲಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರಂತೆ.

“ಡಾಕ್ಟರು ನಕ್ಕರು ಕಣೇ” ಅಂದರು. ಆಮೇಲೆ ಅವರೇ, “ನಗ್ಲಿ ಬಿಡು.”